ಫೋಟೋದಿಂದ ತೆಗೆದ ಸಿಗರೇಟು

ಜಯನಗರದ ಸ್ಟುಡಿಯೋ ಒಂದರಲ್ಲಿ ಫೋಟೋ ತಿದ್ದೋದು ನನ್ನ ಕೆಲಸ. ಇಟ್ಟಮಡುವಿನ ಆಂಟಿಯೊಬ್ಬರು ತೀರಿಕೊಂಡ ಗಂಡನ ಹಳೇ ಫೋಟೋ ತಂದರು. ವೈಕುಂಠ ಸಮಾರಾಧನೆಯ ದಿನ ಹಾರ ಹಾಕೋಕೆ ದೊಡ್ಡದು ಮಾಡಿಸಬೇಕಿತ್ತು. ಅದರಲ್ಲಿ ಅಂಕಲ್ ಸಿನಿಮಾ ಹೀರೋ ಥರ ಬೈಕಿಗೆ ಒರಗಿ, ಬೆರಳ ಸಂದಿಯಲ್ಲಿ ಸಿಗರೇಟು ಹಿಡಿದು ನಿಂತಿದ್ದರು.

“ಸಿಗರೇಟ್ ತೆಗೆದುಬಿಡಿ ಸಾರ್. ಈ ಸ್ಟೈಲ್ ನೋಡೇ ನಾನು ಮದುವೆಗೆ ಒಪ್ಪಿದ್ದು. ಕೊನೆಗೆ ಅದೇ ಅವರನ್ನ ತಿಂದು ಹಾಕ್ತು.”

ಸಿಗರೇಟು, ಹೊಗೆ ಎರಡನ್ನೂ ಅಳಿಸಿದೆ. ಬೆರಳು ಮಾತ್ರ ಏನನ್ನೋ ಹಿಡಿದ ಹಾಗೇ ಉಳೀತು. ಫ್ರೇಮ್ ಹಾಕಿಸಿ ನಾನೇ ಮನೆಗೆ ತಲುಪಿಸಿದೆ. ಆಂಟಿ ಫೋಟೋ ಮುಂದೆ ಊದುಬತ್ತಿ ಹಚ್ಚಿದರು. ಫ್ಯಾನ್ ಆಫ್ ಆಗಿತ್ತು, ಕಿಟಕಿ ಮುಚ್ಚಿತ್ತು. ಆದರೂ ಹೊಗೆ ನೆಟ್ಟಗೆ ಮೇಲೇಳದೆ ಗಾಜಿಗೆ ಅಂಟಿಕೊಂಡು ಹತ್ತಿ, ಆ ಎರಡು ಬೆರಳ ಹತ್ತಿರ ಬಂದು, ತುಟಿಯ ಕಡೆ ತಿರುಗಿತು.

ನಾನು ಬಾಗಿಲ ಕಡೆ ಸರಿದೆ. ಆಂಟಿ ಬೆಚ್ಚಲಿಲ್ಲ. “ಇನ್ನೂ ಬಿಟ್ಟಿಲ್ವಾ ರೀ?” ಅಂತ ಫೋಟೋನ ಗದರಿಸಿದರು. ಆಮೇಲೆ ನಾಚಿದವರ ಹಾಗೆ ಸೆರಗು ಸರಿಮಾಡಿಕೊಂಡರು.

ನಾನು ಜನ್ಮದಲ್ಲಿ ಸಿಗರೇಟು ಮುಟ್ಟಿದವನಲ್ಲ. ಮನೆಗೆ ಬಂದರೆ ಹೆಂಡತಿ ಅಂಗಿ ಮೂಸಿ, “ಸಿಗರೇಟು ಯಾವಾಗಿಂದ ಶುರು?” ಅಂದಳು. ಊದುಬತ್ತಿ ವಾಸನೆ ಕಣೇ ಅಂದೆ. ಅವಳು ನಂಬಲಿಲ್ಲ. ಅಂಗಿ ಮೂಸಿದ ಮೇಲೆ ನಾನೂ ನಂಬಲಿಲ್ಲ.