ಬೇಗೂರಿನವರು ಕಳಿಸಿದ ಬಣ್ಣ

ನನ್ನ ತಂಗಿ ಕಪ್ಪು. ನಾನೂ ಕಪ್ಪು, ನಮ್ಮಪ್ಪನೂ ಕಪ್ಪು. ನಮ್ಮೂರು ಹಂಗಳದಲ್ಲಿ ಬಿಸಿಲಿಗೆ ದುಡಿಯುವವರ ಮನೆಯಲ್ಲಿ ಇದು ಹೇಳುವ ಮಾತೇ ಅಲ್ಲ. ಆದರೆ ಅವಳ ಮದುವೆ ಆಲ್ಬಮ್‌ನಿಂದ ಎರಡು ಮನೆಗಳ ನಡುವೆ ಮುನಿಸು ಬಂತು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ನಾನು ಗುಂಡ್ಲುಪೇಟೆಯ ಒಂದು ಸ್ಟುಡಿಯೋದಲ್ಲಿ ಫೋಟೋ ಎಡಿಟ್ ಮಾಡುತ್ತೇನೆ. ಹತ್ತನೇ ಕ್ಲಾಸು ಮುಗಿಸಲಿಲ್ಲ. ಓನರ್ ಹಿಂದೆ ನಿಂತು ನೋಡಿ ಕೆಲಸ ಕಲಿತೆ. ನಮ್ಮಲ್ಲಿ ಒಂದು ಪದ್ಧತಿ ಇದೆ. ಮದುವೆ ಹೆಣ್ಣಿನ ಫೋಟೋ ತೆರೆದ ಕೂಡಲೇ, ಆ ಹುಡುಗಿಯನ್ನು ಕೇಳದೆ, ಮೊದಲು ಮುಖ ಬೆಳ್ಳಗೆ ಮಾಡಬೇಕು. ಆಮೇಲೆ ಕತ್ತು, ಆಮೇಲೆ ಕೈ. ಕೈ ಮರೆತರೆ ಮುಖ ಒಬ್ಬರದು, ಕೈ ಇನ್ನೊಬ್ಬರದು ಅನ್ನುವ ಹಾಗೆ ಕಾಣುತ್ತದೆ. ಇದನ್ನು ನಾನು ವರ್ಷಗಟ್ಟಲೆ ಮಾಡಿದ್ದೇನೆ. ಹೊಟ್ಟೆಪಾಡು. ನಾಚಿಕೆ ಏನಿಲ್ಲ.

ತಂಗಿಯನ್ನು ಬೇಗೂರಿಗೆ ಕೊಟ್ಟೆವು. ವಿಡಿಯೋ ಗಂಡಿನವರದು, ಆಲ್ಬಮ್ ಹೆಣ್ಣಿನವರದು ಅಂತ ಮಾತಾಗಿತ್ತು. ಗಂಡಿನವರು ಚಾಮರಾಜನಗರದಿಂದ ವಿಡಿಯೋದವನನ್ನು ಕರೆಸಿದರು. ಫೋಟೋ ತೆಗೆದವನು ನಮ್ಮ ಓನರ್, ಎಡಿಟಿಂಗ್ ನನ್ನದು. ಮದುವೆಯಾಗಿ ಕೆಲವು ದಿನಕ್ಕೆ ಗಂಡಿನ ಅಣ್ಣ ಫೋನ್ ಮಾಡಿದ. ಬೇಗೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಆ ಮನೆಯಲ್ಲಿ ಅವನ ಮಾತೇ ಮಾತು.

"ತಮ್ಮ, ಟಿವೀಲಿ ಒಂದ್ ಬಣ್ಣ, ಆಲ್ಬಮ್ಮಲ್ಲಿ ಒಂದ್ ಬಣ್ಣ ಇರ್ಬಾರ್ದು ಕಣಪ್ಪ. ನಮ್ ವಿಡಿಯೋದವ್ನು ಒಂದ್ ಫೈಲ್ ಕೊಟ್ಟವ್ನೆ. ಕಳ್ಸಿವ್ನಿ ನೋಡು. ಅದ್ನೇ ಹಾಕ್ಬುಡು."

ಆ ಫೈಲಿಗೆ ನಾವು ಲಟ್ ಅನ್ನುತ್ತೇವೆ. ದೊಡ್ಡ ವಿದ್ಯೆ ಏನಲ್ಲ, ಬಣ್ಣದ ಒಂದು ಕೋಷ್ಟಕ. ಈ ಹಸಿರು ಬಂದರೆ ಆ ಹಸಿರು ಕೊಡು, ಈ ಕಂದು ಬಂದರೆ ಆ ಕಂದು ಕೊಡು ಅಂತ ಅದರೊಳಗೆ ಬರೆದಿರುತ್ತದೆ. ವಿಡಿಯೋದವರು ಬೂದಿ ಬಳಿದ ಹಾಗೆ ಸಪ್ಪೆಯಾಗಿ ಶೂಟ್ ಮಾಡಿಕೊಂಡು, ಆಮೇಲೆ ಈ ಲಟ್ ಹಾಕಿ ಬಣ್ಣ ತರುತ್ತಾರೆ. ಅದನ್ನೇ ಫೋಟೋಗೂ ಹಾಕಬಹುದು. ನಮ್ಮ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಕಲರ್ ಲುಕಪ್ ಅಂತ ಒಂದು ಲೇಯರ್ ಇದೆ. ಅಲ್ಲಿ ಫೈಲ್ ತೋರಿಸಿದರೆ ಮುಗಿಯಿತು.

ನಾನು ತೋರಿಸಿದೆ. ಫೋಟೋ ಕೆಟ್ಟು ಕೆರ ಹಿಡಿಯಿತು. ಕಪ್ಪು ಇದ್ದಲ್ಲಿ ಟಾರು ಸುರಿದ ಹಾಗೆ, ಬಿಳಿ ಇದ್ದಲ್ಲಿ ಏನೂ ಇಲ್ಲ, ಪಂಚೆಯ ಮಡಿಕೆಯೇ ಮಾಯ. ಸಪ್ಪೆ ವಿಡಿಯೋಗೆ ಅಂತ ಮಾಡಿದ ಲಟ್ಟನ್ನು, ಮೊದಲೇ ಬಣ್ಣ ತುಂಬಿದ ಫೋಟೋ ಮೇಲೆ ಹಾಕಿದರೆ ಹೀಗೇ ಆಗುವುದು. ಸಾರಿಗೆ ಉಪ್ಪು ಹಾಕಿ ಆದ ಮೇಲೆ ಇನ್ನೊಬ್ಬರು ಬಂದು ಮತ್ತೆ ಹಾಕಿದ ಹಾಗೆ. ನಮ್ಮ ಕಡೆ ಎಷ್ಟೋ ಸ್ಟುಡಿಯೋದವರು ಹಾಗೇ ಹಾಕಿ ಸಿನಿಮಾ ಲುಕ್ ಅಂತ ಕೊಟ್ಟುಬಿಡುತ್ತಾರೆ. ನಾನು ಕೆಳಗಿನ ಫೋಟೋವನ್ನೇ ಮೊದಲು ಸಪ್ಪೆ ಮಾಡಿದೆ. ಕಾಂಟ್ರಾಸ್ಟ್ ಇಳಿಸಿದೆ, ಬಣ್ಣ ಇಳಿಸಿದೆ. ಆಮೇಲೆ ಲಟ್ ಸರಿಯಾಗಿ ಕೂತಿತು. ಚಪ್ಪರ, ಬಾಳೆಕಂಬ, ಸೀರೆ ಎಲ್ಲ ಅವರ ವಿಡಿಯೋ ಥರವೇ ಬಂತು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ.

ಆದರೆ ಆ ಕೋಷ್ಟಕದಲ್ಲಿ ಕಂದು ಬಣ್ಣಕ್ಕೆಲ್ಲ ಒಂದೇ ಉತ್ತರ ಇತ್ತು: ತೆಳು ಗುಲಾಬಿ. ತಂಗಿಯ ಮುಖ ಹೊಸದಾಗಿ ಗಾರೆ ಬಳಿದ ಗೋಡೆಯಾಯಿತು. ಅರಿಶಿಣ ಶಾಸ್ತ್ರದ ಫೋಟೋ ತೆರೆದೆ. ನಮ್ಮ ಹೊಲದಲ್ಲೇ ಬೆಳೆದ ಅರಿಶಿಣ ಅದು. ಅಪ್ಪ ಬೇಯಿಸಿ ಒಣಗಿಸಿದ್ದು, ಅತ್ತೆಯರು ಕುಟ್ಟಿದ್ದು. ಅವಳ ಕೆನ್ನೆಯ ಮೇಲೆ ಅದು ಮಜ್ಜಿಗೆ ಚೆಲ್ಲಿದ ಹಾಗೆ ಕಾಣುತ್ತಿತ್ತು. ಯಾರೋ ಬಿಳಿ ಹುಡುಗಿ ಮಜ್ಜಿಗೆ ಮೆತ್ತಿಕೊಂಡು ನಮ್ಮ ಅಂಗಳದಲ್ಲಿ ಕೂತಿದ್ದಳು.

ಲೇಯರಿಗೆ ಮಾಸ್ಕ್ ಹಾಕಿ ಕಪ್ಪು ಬ್ರಷ್ ಆಡಿಸಿದರೆ ಆ ಜಾಗದಲ್ಲಿ ಲೇಯರ್ ಮಾಯವಾಗುತ್ತದೆ. ಹಾಗೆ ಎಲ್ಲರ ಮೈಬಣ್ಣದ ಮೇಲಿಂದಲೂ ಲಟ್ಟನ್ನೂ ಸಪ್ಪೆ ಮಾಡಿದ್ದನ್ನೂ ಅಳಿಸಿದೆ. ಸೀರೆ, ಚಪ್ಪರ ಅವರ ಬಣ್ಣದಲ್ಲಿ ಇರಲಿ. ಮುಖ ನಮ್ಮದು.

ಓನರ್ ಬಂದು ನೋಡಿದ.

"ಯಾನ್ಲಾ ಇದು? ಊರೋರ್ ಹೆಣ್ಮಕ್ಳಿಗೆಲ್ಲ ಸುಣ್ಣ ಬಳ್ದೋನು, ನಿನ್ ತಂಗೀಗ್ ಮಾತ್ರ ಬ್ಯಾಡ್ವಾ?"

"ಅವ್ರು ಕೇಳುದ್ರು, ಮಾಡ್ದೆ. ಇವ್ಳು ಕೇಳ್ನಿಲ್ಲ."

"ಅವ್ರ್ ಯಾರ್ ಕೇಳುದ್ರ್ಲಾ? ಅವ್ರವ್ವಂದಿರು ಕೇಳುದ್ರು."

ಅವನು ಅಂದದ್ದೇ ನಿಜ. ಹಾಗಂತ ತಂಗಿಯ ಮುಖವನ್ನೂ ಬೆಳ್ಳಗೆ ಮಾಡಬೇಕು ಅಂತ ಏನಿದೆ? ಮಾಡಲಿಲ್ಲ.

ಮನೆಯಲ್ಲಿ ಅವ್ವನಿಗೆ ಸುದ್ದಿ ಮುಟ್ಟಿತ್ತು. ಊಟಕ್ಕೆ ಕೂತಾಗ ಶುರು ಮಾಡಿದಳು.

"ಅವ್ರ್ ಕೇಳ್ದಂಗ ಮಾಡ್ಕೊಟ್ಬುಡ್ಲಾ ಮಗ. ಕೂಸು ಬಾಳೋ ಮನ ಅದು. ಒಂದ್ ಪಟಕ್ಕೋಸ್ಕರ ಅವ್ಳು ಮಾತ್ ಅನ್ನಿಸ್ಕೋಬೇಕಾ?"

"ನೋಡಕ್ ಬಂದಾಗ ಕಣ್ ಕಾಣ್ತಿರ್ನಿಲ್ವಾ ಅವ್ರ್ಗ? ಕಪ್ಪಗವ್ಳೆ ಅಂತ ನೋಡ್ಕಂಡೇ ಒಪ್ಕಂಡ್ರಲ್ಲ."

"ನಿಂಗೇನ್ ಕಣ್ಲಾ, ನೀನ್ ಇಲ್ಲಿದ್ದಿಯ. ಅಲ್ಲಿರೋಳು ಅವ್ಳು."

ಅವ್ವ ಹೇಳಿದ್ದು ಸರಿ. ಏನೇ ಆದರೂ ಅನುಭವಿಸಬೇಕಾದವಳು ತಂಗಿ. ಆದರೆ ಇಷ್ಟು ದಿನದಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಫೋಟೋ ಆರಿಸಲು ಮೂವರೂ ಸ್ಟುಡಿಯೋಗೆ ಬಂದರು: ತಂಗಿ, ಅವಳ ಗಂಡ, ಗಂಡನ ಅಣ್ಣ. ನಾನು ಸುತ್ತಿ ಬಳಸಿ ಮಾತಾಡಲಿಲ್ಲ. ಮಂಟಪದ ಫೋಟೋ ತೆರೆದು, ತಂಗಿಯ ಮುಖಕ್ಕೆ ಲಟ್ ಹಾಕಿ ತೋರಿಸಿದೆ, ತೆಗೆದು ತೋರಿಸಿದೆ.

"ಹಾಕಿರೋದೇ ಚೆಂದಾಗಿ ಅದ," ಅಂದ ಗೊಬ್ಬರದ ಅಂಗಡಿಯವನು. "ನಮ್ಮುಡ್ಗಿ ಮೊಕಕ್ಕ ಮಾತ್ರ ಹಾಕ್ಬುಡು, ಸಾಕು."

ತಂಗಿ ಸ್ಕ್ರೀನ್ ನೋಡುತ್ತಿದ್ದಳು. ಆ ಫೋಟೋದಲ್ಲಿ ಅವಳ ಪಕ್ಕದಲ್ಲೇ ಈ ಅಂಗಡಿಯವನೂ ನಿಂತಿದ್ದ, ಪೇಟ ಸುತ್ತಿಕೊಂಡು, ಮೀಸೆ ತಿರುವಿಕೊಂಡು. ಅವನೂ ನಮ್ಮಷ್ಟೇ ಕಪ್ಪು.

"ಅಣ್ಣ," ಅಂದಳು ನನಗೆ, "ಭಾವ್ನ ಮೊಕಕ್ಕೂ ಒಸಿ ಹಾಕು, ನೋಡನ."

ನಾನು ಹಾಕಿದೆ. ಮೈದಾ ಮೂಟೆಯೊಳಗೆ ತಲೆ ಹಾಕಿ ಎದ್ದವನ ಹಾಗೆ ಕಂಡ. ಮೀಸೆ ಮಾತ್ರ ಯಾರೋ ಅಂಟಿಸಿದ ಹಾಗೆ. ತಂಗಿಯ ಗಂಡ ನಕ್ಕುಬಿಟ್ಟ.

"ಅಣ್ಣೋ, ನಾಟಕ್ದಲ್ಲಿ ಹೆಣ್ ಪಾಲ್ಟ್ ಮಾಡೋನಂಗಿದ್ದಿಯಲ್ಲೋ!"

"ತಗಿಲಾ ಅದ್ನ!" ಅಂತ ಗೊಬ್ಬರದ ಅಂಗಡಿಯವನು ನನ್ನ ಮೇಲೆ ಕೂಗಿದ.

"ಯಾಕಣ್ಣ, ಚೆಂದಾಗಿಲ್ವಾ? ಅದೇ ಲಟ್ಟು ಇದೂವೆ," ಅಂದೆ ನಾನು.

"ನಾನ್ ಗಂಡ್ಸು ಕಣ್ಲಾ. ನನ್ಗ್ಯಾಕ ಅದು?"

ತಂಗಿ ತಲೆ ಎತ್ತಿದಳು. "ನನ್ಗೂ ಬ್ಯಾಡ ಭಾವ. ನಿಮ್ದ್ ತಗ್ಸುದ್ರಲ್ಲ, ನಂದೂ ತಗ್ಸ್ಬುಡಿ."

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. "ಆ ಆಲ್ಬಮ್ಮ ನಮ್ಮನ್ಗ ತರ್ಬ್ಯಾಡಿ," ಅಂದು ಹೊರಟೇಬಿಟ್ಟ. ತಂಗಿಯ ಗಂಡ ಅಣ್ಣನ ಹಿಂದೆ ಹೋಗಲೋ ಹೆಂಡತಿಯ ಪಕ್ಕ ಕೂರಲೋ ಗೊತ್ತಾಗದೆ ಬಾಗಿಲ ತನಕ ಹೋಗಿ, ಅಲ್ಲೇ ನಿಂತು ಫೋನ್ ಒತ್ತತೊಡಗಿದ.

"ಅಲ್ಲೋದ್ ಮ್ಯಾಕ ಏನಾರ ಅಂದ್ರೆ?" ಅಂತ ತಂಗಿಯನ್ನು ಕೇಳಿದೆ.

"ಅನ್ನೋರು ಬೆಳ್ಳಗ್ ಮಾಡುದ್ರೂ ಅಂತಾರ. ನೀನ್ ಪ್ರಿಂಟಿಗ್ ಕಳ್ಸಣ್ಣ."

ಅವಳ ಕಣ್ಣೆದುರೇ ಇಬ್ಬರ ಮುಖದಿಂದಲೂ ಲಟ್ ತೆಗೆದು, ಲೇಯರುಗಳನ್ನೆಲ್ಲ ಒಂದು ಮಾಡಿ ಸೇವ್ ಮಾಡಿದೆ. ಹಾಗೆ ಮಾಡಿದರೆ ಆಮೇಲೆ ಯಾರೇ ಬಂದರೂ ಒಂದು ಕ್ಲಿಕ್ಕಿನಲ್ಲಿ ಮುಖ ಬದಲಾಯಿಸಲು ಆಗುವುದಿಲ್ಲ. ಮೈಸೂರಿನ ಲ್ಯಾಬಿಗೆ ಅವತ್ತೇ ಕಳಿಸಿದೆ.

ಆಮೇಲೆ ಬೇಗೂರಿನ ಕಡೆಯಿಂದ ನಮ್ಮ ಸ್ಟುಡಿಯೋಗೆ ಬರುತ್ತಿದ್ದ ಮದುವೆ ಕೆಲಸ ನಿಂತಿತು. ಓನರ್ ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾನೆ. ಅವ್ವ ಸುಮಾರು ದಿನ ನನಗೆ ತಟ್ಟೆ ಕುಕ್ಕಿ ಅನ್ನ ಹಾಕಿದಳು. ನಾನು ಉಂಡೆ. ಈಗ ಬೇರೆ ಮದುವೆ ಹೆಣ್ಣುಗಳ ಫೋಟೋ ಬಂದರೆ ಅವರನ್ನೇ ಫೋನಿನಲ್ಲಿ ಕೇಳುತ್ತೇನೆ, ಬೆಳ್ಳಗೆ ಮಾಡಬೇಕಾ ಅಂತ. ಹೆಚ್ಚಿನವರು ಮಾಡಿ ಅನ್ನುತ್ತಾರೆ. ಮಾಡುತ್ತೇನೆ. ಕೇಳದೆ ಮಾತ್ರ ಮಾಡುವುದಿಲ್ಲ. ಓನರ್ ಬೈಯುತ್ತಾನೆ. ಬೈಯಲಿ.

ಬೇಡವೆಂದರೂ ಆಲ್ಬಮ್ಮನ್ನು ತಂಗಿಯೇ ಬಸ್ಸಿನಲ್ಲಿ ಹೊತ್ತುಕೊಂಡು ಹೋದಳು. ಆ ಮನೆಯಲ್ಲಿ ಯಾರೇ ನೆಂಟರು ಬಂದರೂ ಟಿವಿಯಲ್ಲಿ ವಿಡಿಯೋ ಹಾಕುತ್ತಾರೆ, ಅದರಲ್ಲಿ ಅವಳು ಬೆಳ್ಳಗಿದ್ದಾಳೆ. ಆಲ್ಬಮ್ಮನ್ನು ಅವಳತ್ತೆ ಬೀರುವಿನ ಮೇಲೆ, ಹಳೇ ಹಾಸಿಗೆಯ ಹಿಂದೆ ತಳ್ಳುತ್ತಾರೆ. ಹೋದ ವಾರ ನಾನು ಹೋದಾಗಲೂ ಅದು ಅಲ್ಲೇ ಇತ್ತು. ತಂಗಿ ಸ್ಟೂಲ್ ಎಳೆದುಕೊಂಡು ಹತ್ತಿ, ಕೆಳಗಿಳಿಸಿ, ಸೆರಗಿನಲ್ಲಿ ಧೂಳು ಒರೆಸಿ, ಅತ್ತೆಯ ಎದುರಿಗೇ ಟೀಪಾಯಿ ಮೇಲೆ ಬಿಚ್ಚಿಟ್ಟಳು.

"ಮತ್ತ ತಗುದ್ಯಾ?" ಅಂದರು ಅತ್ತೆ.

"ತಗುದೆ ಕಣತ್ತೆ," ಅಂದು ಕಾಫಿ ಕಾಯಿಸಲು ಒಳಗೆ ಹೋದಳು.