ಶಿಡ್ಲಘಟ್ಟ ಮುಟ್ಟದ ಬಸ್ಸು

ಚಿಂತಾಮಣಿಯಲ್ಲಿ ವಿಡಿಯೋ ಗೇಮ್ ಮಾಡುವ ಆಫೀಸಿತ್ತು ಅಂದರೆ ಈಗಿನ ಹುಡುಗರು ನಗುತ್ತಾರೆ. ನಗಲಿ ಬಿಡಿ. ತೊಂಬತ್ತರ ದಶಕದ ಶುರುವಿನಲ್ಲಿ ಗೊಬ್ಬರದಂಗಡಿಯ ಮಹಡಿಯ ಮೇಲೆ ಅದು ಇದ್ದದ್ದು ನಿಜ, ನಾನು ಅಲ್ಲಿ ಕೆಲಸ ಮಾಡಿದ್ದೂ ನಿಜ. ಎರಡು ಕಂಪ್ಯೂಟರು, ಅವಕ್ಕೆ ಜೋಡಿಸಿದ ಎರಡು ಟಿವಿ, ಕೆಳಗಿನಿಂದ ಸದಾ ಏರಿ ಬರುವ ಯೂರಿಯಾ ವಾಸನೆ. ನಮ್ಮ ಕಡೆಯ ಜಮೀನುದಾರರೊಬ್ಬರು, ಎಲ್ಲರ ಬಾಯಲ್ಲೂ ದೊಡ್ಡೋರು, ಬೆಂಗಳೂರಿನಲ್ಲಿ ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಮಾರುತ್ತಿದ್ದರು. ಪರದೇಶದ ಆಟ ಎಷ್ಟು ದಿನ ಮಾರೋದು, ನಮ್ಮದೇ ಒಂದು ಮಾಡಿಸೋಣ ಅಂತ ಅವರಿಗೆ ಹುಕಿ ಬಂತು. ಚಿಕ್ಕಬಳ್ಳಾಪುರದಲ್ಲಿ ಬಿ.ಎಸ್ಸಿ. ಮುಗಿಸಿ ಪ್ರೋಗ್ರಾಂ ಬರೆಯಲು ಕಲಿತಿದ್ದ ನನ್ನನ್ನು ಕರೆದು ಕೂರಿಸಿದರು.

ಚಿತ್ರಕ್ಕೆ ಬಂದವಳು ಶಿಡ್ಲಘಟ್ಟದ ಹುಡುಗಿ, ರೇಷ್ಮೆ ನೂಲು ತೆಗೆಯುವ ಸಾಹೇಬರ ಮನೆಯವಳು. ತಂದೆ ಇರಲಿಲ್ಲ, ಎಲ್ಲಕ್ಕೂ ಅಣ್ಣನೇ. ಕಸೂತಿಗೆಂದು ಚೌಕುಳಿ ಕಾಗದದ ಮೇಲೆ ಹೂವು, ನವಿಲು ತುಂಬಿ ಅವಳಿಗೆ ರೂಢಿ. ಟಿವಿಯ ಮೇಲೂ ಚಿತ್ರವನ್ನು ಚೌಕ ಚೌಕವಾಗಿಯೇ ತುಂಬಬೇಕು ಅಂತ ತೋರಿಸಿದಾಗ ಬಿದ್ದು ಬಿದ್ದು ನಕ್ಕಳು. "ಇಷ್ಟೇನಾ ಅಕ್ಕ? ಇದು ದಿಂಬಿನ ಕವರ್ ಕೆಲಸ!"

ನಮ್ಮ ಆಟವೆಂದರೆ ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ಬಸ್ಸು. ಎದುರಿಗೆ ರೇಷ್ಮೆಗೂಡಿನ ಚೀಲ ಹೇರಿದ ಗಾಡಿಗಳು, ಮುರುಗಮಲ್ಲದ ದರ್ಗಾಕ್ಕೆ ಹೊರಟ ವ್ಯಾನುಗಳು, ರಸ್ತೆಯ ಮೇಲೇ ಹುರುಳಿ ಹರವಿಕೊಂಡ ಹೆಂಗಸರು. ಯಾರಿಗೂ ತಾಗದಂತೆ ಬಸ್ಸು ಊರು ಮುಟ್ಟಬೇಕು. ಅವಳು ಬರೆದ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಕೈ ಬೀಸುತ್ತಿದ್ದ. ಅವನು ಮೊದಲ ಸಲ ಟಿವಿಯಲ್ಲಿ ಕೈ ಬೀಸಿದ ದಿನ ನಾವಿಬ್ಬರೂ ಕಿರುಚಿಕೊಂಡೆವು, ಗೊಬ್ಬರದಂಗಡಿಯವರು ಏನಾಯ್ತೋ ಅಂತ ಮೆಟ್ಟಿಲು ಹತ್ತಿ ಬಂದರು.

ಅಷ್ಟರಲ್ಲಿ ಶಿಡ್ಲಘಟ್ಟದ ಒಂದು ಶಾಲೆಯಲ್ಲಿ ಅವಳಿಗೆ ಹೊಲಿಗೆ ಟೀಚರ್ ಕೆಲಸ ಸಿಕ್ಕಿತು. ದಸರಾ ಕಳೆಯುತ್ತಲೇ ಸೇರಬೇಕು. ಮನೆಯ ಹತ್ತಿರದ ಕೆಲಸ, ಬದುಕಿರುವ ತನಕ ನಡೆಯುವಂಥದ್ದು. ಅಣ್ಣ ಅದೇ ಸರಿ ಅಂದ.

"ನಂಗೆ ಬಸ್ಸೇ ಬೇಕಕ್ಕ. ಅರ್ಧ ದಾರೀಲಿ ಹೆಂಗೆ ಬಿಟ್ಟೋಗ್ಲಿ?" ಅಂತ ನನ್ನೆದುರು ಕಣ್ಣೀರು ಹಾಕಿದಳು. ಕೊನೆಗೆ ಅಣ್ಣ ಒಂದು ಮಾತು ಹೇಳಿದ: ಈ ಆಫೀಸು ಮುಚ್ಚುವುದಿಲ್ಲ ಅಂತ ನಿಮ್ಮ ದೊಡ್ಡೋರು ನನ್ನೆದುರು ಹೇಳಲಿ, ಶಾಲೆಯನ್ನು ಬಿಡಿಸುತ್ತೇನೆ.

ಆಯುಧಪೂಜೆಗೆ ದೊಡ್ಡೋರು ಬಂದರು. ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಮೆಟ್ಟಿಲ ಬುಡದಲ್ಲಿ ಬೂದುಗುಂಬಳ ಒಡೆದು, ಸೇರಿದ್ದ ಬೀದಿಯ ಜನರೆದುರು ಭಾಷಣಕ್ಕೇ ನಿಂತರು. "ನನ್ ಉಸಿರಿರೋ ತನಕ ಈ ಬಾಗ್ಲು ಮುಚ್ಚಲ್ಲ. ಈ ಹೆಣ್ಮಕ್ಳು ನನ್ ಮನೆ ಮಕ್ಳಿದ್ದಂಗೆ!" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆಗ ಅಣ್ಣ ಮುಂದೆ ಬಂದು, ಜೇಬಿನಿಂದ ಪೊಟ್ಟಣ ಬಿಚ್ಚಿ, ದೊಡ್ಡೋರ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದ. ಅವನ ಮನೆಯ ಕಡೆ, ಸಂಬಂಧ ಕುದುರಲಿ, ನೂಲಿನ ವ್ಯಾಪಾರ ಕುದುರಲಿ, ಬಾಯಿಗೆ ಸಕ್ಕರೆ ಬಿತ್ತೆಂದರೆ ಮಾತು ಮುಗಿಯಿತು. ಆಮೇಲೆ ಕಾಗದ ಕೇಳುವುದು ಅವಮಾನ. ದೊಡ್ಡೋರಿಗೆ ಇದೆಲ್ಲ ಎಲ್ಲಿ ಗೊತ್ತು? ಹಬ್ಬದ ಸಿಹಿ ಅಂದುಕೊಂಡು ಚಪ್ಪರಿಸಿದರು. "ಏಮಯ್ಯಾ, ಇಷ್ಟೇನಾ? ಇನ್ನೊಂಚೂರು ಹಾಕು!" ಅಣ್ಣ ಖುಷಿಯಿಂದ ಇನ್ನೊಂದು ಚಿಟಿಕೆ ಹಾಕಿ ತಂಗಿಯ ಕಡೆ ತಿರುಗಿದ. "ಮುಹ್ ಮೀಠಾ ಆಯ್ತಲ್ಲ, ಇನ್ನೇನು! ನಾಳೇನೇ ಸ್ಕೂಲ್ನೋರಿಗೆ ಬರಲ್ಲ ಅಂತ ಹೇಳ್ಬಿಡ್ತೀನಿ."

ಹೇಳಿಯೂ ಬಿಟ್ಟ.

ಸಂಕ್ರಾಂತಿ ಆಗಿ ಸ್ವಲ್ಪ ದಿನಕ್ಕೆ ಬೆಂಗಳೂರಿನಿಂದ ಮ್ಯಾನೇಜರ್ ಒಂದು ವ್ಯಾನು ತಂದು ಕಂಪ್ಯೂಟರ್, ಟಿವಿ ಎಲ್ಲ ಹೇರಿಸಿದ. ಹೊರಗಿನ ಆಟ ಅಗ್ಗಕ್ಕೆ ಬರ್ತಿದೆ, ಇದು ದಂಡ ಅಂದ. ನಮ್ಮ ಆಟದ ಬಸ್ಸು ಶಿಡ್ಲಘಟ್ಟದ ಹೊರಗೇ ನಿಂತಿತ್ತು. ಊರಿನೊಳಗಿನ ಕೊನೆಯ ಚಿತ್ರವನ್ನು ಟಿವಿಗೆ ಏರಿಸುವುದು ಮಾತ್ರ ಬಾಕಿ, ಅದರ ಕಾಗದ ಅವಳ ಕೈಚೀಲದಲ್ಲೇ ಉಳಿಯಿತು. ಎಸ್‌ಟಿಡಿ ಬೂತಿನಿಂದ ದೊಡ್ಡೋರಿಗೆ ಫೋನ್ ಮಾಡಿದೆ.

"ಅವತ್ತು ಹಬ್ಬ ಕಣಮ್ಮ, ಸಂತೋಷಕ್ಕೆ ನಾಲ್ಕು ಮಾತಾಡಿದ್ದು. ಅದನ್ನೇ ಹಿಡ್ಕೊಂಡು ಕೂತ್ರೆ ಬಿಸಿನೆಸ್ ನಡೀತದಾ?"

ಅಬ್ಬಾ, ಎಂಥ ನಾಲಿಗೆ! ಬಾಯಿಗೆ ಬಂದದ್ದನ್ನು ಅಂದೆ, ಅವರು ಅಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಅವಳು ಶಾಲೆಗೆ ಹೋಗಿ ಕೇಳಿದಳು. ಆ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು. ಅಣ್ಣ ತಂಗಿಯ ಮುಖ ನೋಡಲಾರದೆ ಊಟದ ಹೊತ್ತಿಗೂ ಮನೆಗೆ ಬರುತ್ತಿರಲಿಲ್ಲವಂತೆ.

ಬೇಸಿಗೆಯಲ್ಲಿ ದೊಡ್ಡೋರು ಕಾರಿನಲ್ಲಿ ನಮ್ಮ ಮನೆ ಮುಂದೆ ಇಳಿದರು. ನಮ್ಮ ಆಟಕ್ಕೆ ಯಾರೋ ಗಿರಾಕಿ ಸಿಕ್ಕಿದ್ದಾರೆ, ಕೊನೆಯ ಚಿತ್ರ ಬೇಕು, ಆ ಹುಡುಗಿಯ ಮನೆ ತೋರಿಸು ಅಂದರು. ಅವಳಿಗೇನಾದರೂ ದಾರಿ ಆದೀತೇನೋ ಅನ್ನೋ ಆಸೆಯಿಂದ ಹೋದೆ.

ಅಣ್ಣ ಚಾಪೆ ಹಾಸಿ ಕೂರಿಸಿದ. ಮನೆಗೆ ಬಂದವರನ್ನು ಬೈಯುವ ಜನವಲ್ಲ ಅವರು. ದೊಡ್ಡೋರು ಶುರುಮಾಡಿದರು: "ಗೌರಿಬಿದನೂರಲ್ಲಿ ದೊಡ್ಡದಾಗಿ ಆಫೀಸ್ ತೆಗೀತಿದ್ದೀನಿ. ನಿಂಗೆ ಅಲ್ಲಿ ಕೆಲಸ ಗ್ಯಾರಂಟಿ ಕಣಮ್ಮ. ಆ ಚಿತ್ರ ಒಂದು ಕೊಟ್ಬಿಡು." ದಾರಿಯಲ್ಲಿ ನಾನು ಸಿಟ್ಟಿನಲ್ಲಿ ಸಕ್ಕರೆಯ ವಿಷಯವೆಲ್ಲ ಅವರಿಗೆ ಹೇಳಿಬಿಟ್ಟಿದ್ದೆ. ಪುಣ್ಯಾತ್ಮರು ಅದನ್ನೇ ಹಿಡಿದರು. "ಎಲ್ಲಪ್ಪ ನಿಮ್ ಸಕ್ಕರೆ? ತಗೊಂಬಾ, ಹಾಕು!" ಅಂತ ಬಾಯಿ ತೆರೆದರು.

ಅಣ್ಣ ತಲೆ ತಗ್ಗಿಸಿದ. ತಂಗಿಗೆ ಒಂದು ಕೆಲಸ ಆಗುವುದಾದರೆ ಅಂತ ಅವನಿಗೂ ಅನ್ನಿಸಿರಬೇಕು. ಒಳಗೆ ಹೋಗಿ ಸಕ್ಕರೆ ಡಬ್ಬ ತಂದೇಬಿಟ್ಟ.

ಅವಳು ಎದ್ದು ಬಂದು ಅವನ ಕೈಯಿಂದ ಡಬ್ಬ ಇಸಕೊಂಡಳು. "ಅದು ಟೀಗೆ, ಭಾಯ್," ಅಂದಳು. ದೊಡ್ಡೋರ ಟೀ ಲೋಟಕ್ಕೆ ಸಕ್ಕರೆ ಹಾಕಿ, ನಿಧಾನವಾಗಿ ಕಲಕಿ ಮುಂದಿಟ್ಟಳು. "ಕುಡೀರಿ ಸಾರ್, ಆರೋಗ್ತದೆ. ಚಿತ್ರ ಕೊಡಲ್ಲ."

ದೊಡ್ಡೋರು ಅರ್ಧ ಟೀ ಬಿಟ್ಟು ಎದ್ದರು. ನನಗೆ ಶಭಾಷ್ ಅನ್ನಬೇಕೆನ್ನಿಸಿತು. ಶಾಲೆಯೂ ಹೋಯಿತು, ಬಸ್ಸೂ ಹೋಯಿತು, ಇನ್ನು ಯಾತಕ್ಕೆ ಶಭಾಷ್?

ನಾನು ಚಪ್ಪಲಿ ಮೆಟ್ಟುವಾಗ ಅವಳು ಆ ಚೌಕುಳಿ ಕಾಗದ ತಂದು ಬಿಡಿಸಿದಳು. ಶಿಡ್ಲಘಟ್ಟದ ಬಸ್ ಸ್ಟ್ಯಾಂಡು. ಬಸ್ಸು ನಿಂತಿದೆ, ಇಬ್ಬರು ಇಳಿಯುತ್ತಿದ್ದಾರೆ, ಒಬ್ಬಳಿಗೆ ಬುರ್ಖಾ, ಇನ್ನೊಬ್ಬಳಿಗೆ ಉದ್ದ ಜಡೆ.

"ಇದು ನಾವಿಬ್ರೂ ಅಕ್ಕ," ಅಂದಳು. "ಕೆಲಸ ಮುಗಿಸ್ಕೊಂಡು ಮನೆಗೆ ಬರ್ತಾ ಇದೀವಿ."