ಗುರುಪ್ರಕಾಶನ ಅರ್ಧ ಪರೀಕ್ಷೆ

ಏನು ಕೆಲಸ ಮಾಡ್ಕೊಂಡಿದೀಯಪ್ಪ ಅಂತ ಯಾರಾದರೂ ಕೇಳಿದರೆ ಗುರುಪ್ರಕಾಶ ಮೊದಲು ಕೇಳಿದವರ ಮುಖ ನೋಡುತ್ತಿದ್ದ. ಅಮೃತೂರಿನ ನೆಂಟರಿಗೆ "ಕಾಲೇಜಲ್ಲಿ" ಅನ್ನುತ್ತಿದ್ದ. ತುಮಕೂರಿನ ಬಾಡಿಗೆ ಮನೆಯ ಓನರಿಗೆ "ಕಂಪ್ಯೂಟರ್ ಲೈನು" ಅನ್ನುತ್ತಿದ್ದ. ಅಪ್ಪ ಕರಿಸಿದ್ದಪ್ಪನಿಗೆ ಮಾತ್ರ ಯಾವ ಉತ್ತರವೂ ಒಪ್ಪಿಗೆಯಾಗುತ್ತಿರಲಿಲ್ಲ.

"ಕಾಲೇಜು ಅಂತೀಯ. ಹುಡುಗ್ರಿಲ್ಲ, ಬೆಂಚಿಲ್ಲ, ಗಂಟೆ ಹೊಡಿಯೋನೂ ಇಲ್ಲ. ಅದೆಂಥ ಕಾಲೇಜ್ಲಾ?"

"ಎಲ್ಲಾ ಮೊಬೈಲಲ್ಲೇ ಅಪ್ಪಾ."

"ಅಂಗಾರೆ ನೀನ್ಯಾಕೆ ತುಮ್ಕೂರಲ್ಲಿ ಬಾಡ್ಗೆ ಮನೆ ಮಾಡ್ಕೊಂಡು ಕೂತಿದೀಯ?"

ಗುರುಪ್ರಕಾಶ ಬಸ್ಸಿಗೆ ಹೊತ್ತಾಯಿತು ಅಂತ ಬ್ಯಾಗು ಹೆಗಲಿಗೇರಿಸಿದ.

ಕರಿಸಿದ್ದಪ್ಪ ಕುಣಿಗಲ್ಲಿನಲ್ಲಿ ಕುದುರೆ ನೋಡಿಕೊಂಡೇ ಆಯುಷ್ಯ ಕಳೆದವನು. ಬಿ.ಎ. ಎರಡನೇ ವರ್ಷಕ್ಕೇ ಬಿಟ್ಟು ಬಂದ ಮಗನನ್ನೂ ಅದೇ ಲಾಯಕ್ಕೆ ಸೇರಿಸಿದ್ದ. ಒಂದು ಹೆಣ್ಣು ಕುದುರೆ ಮಂಡಿಗೆ ಒದ್ದ ಮೇಲೆ ಗುರುಪ್ರಕಾಶ ಆ ಕಡೆ ಹೋಗಲಿಲ್ಲ. ಹುಲಿಯೂರುದುರ್ಗದ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆದ. ಗುಬ್ಬಿಯ ಅಕ್ಷತಾಳನ್ನು ಮದುವೆಯಾದ ಮೇಲೆ, ಅತ್ತೆ ಗಂಗಾಂಬಿಕೆ ನಡೆಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮೆಷಿನ್ನು ರಿಪೇರಿ ಮಾಡಿಕೊಂಡಿದ್ದ. ಮೆಷಿನ್ನು ಹೋಗಿ ಕಂಪ್ಯೂಟರ್ ಬಂದಾಗ ಅದನ್ನೂ ಕಲಿತ. ಕೊರೊನಾ ಬಂತು. ಮೊಬೈಲಲ್ಲಿ ಪಾಠ ಮಾಡೋದು ಹೆಂಗೆ ಅಂತ ಗೊತ್ತಿಲ್ಲದ ಮೇಷ್ಟ್ರುಗಳೆಲ್ಲ ಅವನ ಬಾಗಿಲಿಗೆ ಬಂದರು. ಅವರಲ್ಲೊಬ್ಬರು ಹೇಳಿ ಕೊಡಿಸಿದ್ದೇ ಈ ಕೆಲಸ. ಮನೆಯಲ್ಲೇ ಕೂತು ಡಿಗ್ರಿ ಓದುವವರ ಪ್ರವೇಶ, ಹಾಜರಿ, ಪರೀಕ್ಷೆ ಎಲ್ಲ ನೋಡಿಕೊಳ್ಳುವ ತುಮಕೂರಿನ ಆಫೀಸದು; ಅಲ್ಲಿ ಅವನು ಅಡ್ಮಿನಿಸ್ಟ್ರೇಟರ್. ಯಾವುದನ್ನೂ ಅವನು ಹುಡುಕಿಕೊಂಡು ಹೋದವನಲ್ಲ. ಒಂದು ಕೈಬಿಟ್ಟರೆ ಇನ್ನೊಂದು ಬಸ್ಸಿನಂತೆ ಎದುರಿಗೆ ಬಂದು ನಿಲ್ಲುತ್ತಿತ್ತು, ಹತ್ತುತ್ತಿದ್ದ.

ಹೀಗಿರುವಾಗ ಮೇಲಿನವರು ಒಂದು ಮಾತು ಹೇಳಿದರು: ಅಡ್ಮಿನಿಸ್ಟ್ರೇಟರ್ ಹುದ್ದೆಯಲ್ಲಿ ಮುಂದುವರಿಯಬೇಕಾದರೆ ಡಿಗ್ರಿ ಇರಲೇಬೇಕು. ಬೇರೆಲ್ಲೋ ಯಾಕೆ, ನಮ್ಮಲ್ಲೇ ಸೇರಿ.

ಸೇರಿದ. ಫಜೀತಿ ಶುರುವಾದದ್ದು ಅಲ್ಲಿಂದ. ಕ್ಲಾಸಿನ ಹೊತ್ತಿಗೆ ಅವನು ಬೇರೆಯವರ ಹಾಜರಿ ನೋಡಬೇಕಿತ್ತು, ಅದರಿಂದ ಅವನದೇ ಹಾಜರಿ ಕಡಿಮೆಯಾಯಿತು. ಒಂದು ದಿನ ಮೊಬೈಲಿಗೆ ಮೆಸೇಜು ಬಂತು: "ನಿಮ್ಮ ಹಾಜರಿ ಸಾಲದು. ಕೂಡಲೇ ಅಡ್ಮಿನಿಸ್ಟ್ರೇಟರ್ ಗುರುಪ್ರಕಾಶ್ ಅವರನ್ನು ಸಂಪರ್ಕಿಸಿ." ಅವನು ಓದಿ, ಆ ಕಡೆ ಈ ಕಡೆ ನೋಡಿ, ಮತ್ತೆ ಓದಿದ. ಪಕ್ಕದ ಸೀಟಿನ ರಮ್ಯಶ್ರೀ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಅವನಿಗೆ ನಗು ಬರಲಿಲ್ಲ. ಸಂಪರ್ಕಿಸುವುದು ಹೇಗೆ ಅಂತ ನಿಜವಾಗಿಯೂ ಯೋಚಿಸುತ್ತಿದ್ದ.

ಕೊನೆಗೆ ರಾತ್ರಿ ಕೂತು ರೆಕಾರ್ಡಾದ ಪಾಠ ನೋಡಿ ಹಾಜರಿ ತುಂಬಿಸಿಕೊಂಡ. ಪರೀಕ್ಷೆಯ ದಿನ ರಜೆ ಹಾಕಿದ. ಮನೆಯಲ್ಲಿ ಕರೆಂಟಿನ ನೆಚ್ಚಿಕೆಯಿಲ್ಲವೆಂದು ಆಫೀಸಿನ ಹಿಂದಿನ ರೂಮಿನಲ್ಲೇ ಬರೆಯಲು ಕೂತ. ಕ್ಯಾಮೆರಾ ಮುಂದಿನಿಂದ ಎದ್ದರೆ ಪೇಪರು ಲಾಕ್ ಆಗುತ್ತದೆ. ಈ ನಿಯಮವನ್ನು ನೂರಾರು ಜನಕ್ಕೆ ಫೋನಿನಲ್ಲಿ ಒತ್ತಿ ಒತ್ತಿ ಹೇಳಿದವನು ಅವನೇ. ಅರ್ಥಶಾಸ್ತ್ರದ ಪ್ರಶ್ನೆಗಳು ಅವನು ಹೆದರಿದಷ್ಟು ಕಷ್ಟವಿರಲಿಲ್ಲ. ಅರ್ಧ ಮುಗಿಸುವಷ್ಟರಲ್ಲಿ ಬಾಗಿಲಾಚೆ ರಮ್ಯಶ್ರೀಯ ದನಿ ಏರಿತು.

"ಅಮ್ಮಾ, ಅಳಬೇಡಿ. ಇನ್ನೊಂದ್ಸಲ ಕ್ಯಾಮೆರಾ ನೋಡಿ."

ಸ್ಪೀಕರಿನಲ್ಲಿ ಬರುತ್ತಿದ್ದ ದನಿ ಅವನಿಗೆ ಗುರುತಿತ್ತು. ಹುಲಿಯೂರುದುರ್ಗದ ಅಂಗನವಾಡಿ ಕಾರ್ಯಕರ್ತೆ ಸಿದ್ದಗಂಗಮ್ಮ; ಅವಳದು ಆಗಷ್ಟೇ ಶುರುವಾಗಿದ್ದ ಇನ್ನೊಂದು ಪರೀಕ್ಷೆ. ಸೇರಿದಾಗ ಕೊಟ್ಟ ಫೋಟೋದಲ್ಲಿ ಕನ್ನಡಕವಿರಲಿಲ್ಲ. ಈಗ ಕನ್ನಡಕ ಹಾಕಿಕೊಂಡರೆ ಕಂಪ್ಯೂಟರ್ ಅವಳನ್ನು ಗುರುತಿಸುತ್ತಿಲ್ಲ, ತೆಗೆದರೆ ಅವಳಿಗೆ ಅಕ್ಷರ ಕಾಣುತ್ತಿಲ್ಲ.

"ಇನ್ ಸ್ವಲ್ಪ ಹೊತ್ತಾದ್ರೆ ಒಳಗೇ ಬುಡಲ್ವಂತೆ ಮೇಡಂ. ನಾನೇ ಕಣವ್ವಾ ಇದು, ಬೇರೆಯೋಳಲ್ಲ!"

ಇಂಥದ್ದನ್ನು ಬಿಡಿಸಲು ಅವನ ಪಾಸ್‌ವರ್ಡ್ ಬೇಕು, ಅವನ ಫೋನಿಗೆ ಬರುವ ಓಟಿಪಿ ನಂಬರೂ ಬೇಕು. ಪರೀಕ್ಷೆಯ ನಿಯಮದಂತೆ ಫೋನನ್ನು ಹೊರಗೆ ಡ್ರಾಯರಿನಲ್ಲಿ ಆಫ್ ಮಾಡಿ ಇಟ್ಟಿದ್ದ. ಕೂತಲ್ಲೇ ಚಡಪಡಿಸಿದ. ತಾನೀಗ ಯಾರು? ರಜೆಯಲ್ಲಿರುವವನೋ, ಪರೀಕ್ಷೆ ಬರೆಯುವವನೋ, ಪರೀಕ್ಷೆ ನಡೆಸುವವನೋ? ಯೋಚನೆ ಒಂದು ತೀರ್ಮಾನಕ್ಕೆ ಬರುವ ಮೊದಲೇ ಕಾಲು ಎದ್ದಾಗಿತ್ತು.

ಫೋನು ತೆಗೆದು ಬಿಡಿಸಿಕೊಟ್ಟ, ಸಿದ್ದಗಂಗಮ್ಮನ ಪೇಪರು ತೆರೆಯಿತು. ರೂಮಿಗೆ ವಾಪಸು ಬಂದು ನೋಡಿದರೆ ಅವನ ಪೇಪರು ಲಾಕ್. ಸ್ಕ್ರೀನಿನ ಮೇಲೆ ಕೆಂಪು ಅಕ್ಷರ: ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ.

ರಮ್ಯಶ್ರೀ ಬಾಗಿಲಲ್ಲಿ ನಿಂತಿದ್ದಳು. "ಓಪನ್ ಮಾಡ್ಕೊಳ್ಳಿ ಸಾರ್. ನಿಮ್ ಕೈಲೇ ಇದೆಯಲ್ಲ."

"ನಂದನ್ನ ನಾನೇ ಓಪನ್ ಮಾಡ್ಬೋದಾ?"

"ಬೇರೆಯೋರು ಕೇಳಿದ್ರೆ ಏನ್ಮಾಡ್ತಿದ್ರಿ?"

"ಯಾಕೆ ಎದ್ದೋದ್ರಿ ಅಂತ ಕೇಳ್ತಿದ್ದೆ."

"ಕೇಳ್ಕೊಳ್ಳಿ ಮತ್ತೆ!"

ಅವಳು ತಮಾಷೆಗೆ ಅಂದದ್ದು. ಅವನು ನಿಜವಾಗಿಯೂ ಕೇಳಿಕೊಂಡ. ಕಾರಣ ಒಳ್ಳೆಯದೇ. ಆದರೆ ಒಳ್ಳೆಯದು ಅಂತ ಒಪ್ಪಬೇಕಾದವನೂ ತಾನೇ. ಬೆಂಗಳೂರಿನ ಮುಖ್ಯ ಆಫೀಸಿಗೆ ಫೋನು ಮಾಡಿದ. ಅಲ್ಲಿನವರು, "ಅದೆಲ್ಲ ನಿಮ್ ತುಮಕೂರು ಅಡ್ಮಿನಿಸ್ಟ್ರೇಟರ್ ಡಿಸೈಡ್ ಮಾಡ್ಬೇಕು ಸಾರ್" ಅಂದರು. ಮೌಸ್ ಹಿಡಿದ, ಬಿಟ್ಟ. ಮತ್ತೆ ಹಿಡಿದ. ಅಷ್ಟರಲ್ಲಿ ಪರೀಕ್ಷೆಯ ಹೊತ್ತೇ ಮುಗಿದುಹೋಯಿತು.

ಆ ವಿಷಯದಲ್ಲಿ ಫೇಲಾದ. ಸಿದ್ದಗಂಗಮ್ಮ ಪಾಸಾಗಿ, ಹುಲಿಯೂರುದುರ್ಗದಿಂದ ಬಸ್ಸು ಹತ್ತಿ ಆಫೀಸಿಗೇ ಬಂದಳು. ಇಲ್ಲಿ ಬೆಂಚೂ ಇಲ್ಲ, ಬೋರ್ಡೂ ಇಲ್ಲ ಎಂದು ಅವಳೂ ಒಂದು ಗಳಿಗೆ ತಬ್ಬಿಬ್ಬಾದಳು. "ನೀವೇನಾ ಸಾರ್ ಫೋನಲ್ಲಿದ್ದೋರು?" ಅಂದು ಮನೆಯ ತೋಟದ ಎಳನೀರು ಮೇಜಿನ ಮೇಲಿಟ್ಟಳು. "ನಿಮ್ದು ಯಾವಾಗ್ ಆಗಿದ್ದು ಸಾರ್ ಡಿಗ್ರಿ?" ಅವನು ಎಳನೀರು ಕೊಚ್ಚಲು ಮಚ್ಚು ಹುಡುಕುವವನಂತೆ ಎದ್ದು ಹೋದ.

ಭಾನುವಾರ ಗುಬ್ಬಿಯ ಅತ್ತೆ ಮನೆಯಲ್ಲಿ ಅಕ್ಷತಾ ರೊಟ್ಟಿ ಹಾಕುತ್ತಾ ಅಂದಳು, "ಓಪನ್ ಮಾಡ್ಕೊಂಡಿದ್ರೆ ಏನಾಗ್ತಿತ್ತು ರೀ? ಕಳ್ತನ ಏನಲ್ವಲ್ಲ."

"ಕಳ್ತನ ಅಲ್ಲ."

"ಮತ್ತೆ?"

"ಅದೇ ಗೊತ್ತಾಗ್ಲಿಲ್ಲ ಕಣೇ."

ಅತ್ತೆ ಗಂಗಾಂಬಿಕೆ ಒಳಗಿನಿಂದಲೇ ಕೇಳಿದರು, "ಕೆಲ್ಸಕ್ಕೇನು ತೊಂದ್ರೆ ಇಲ್ವಲ್ಲ ಅಳಿಯಂದ್ರೆ?"

ತೊಂದರೆಯಿರಲಿಲ್ಲ. ಇನ್ನೊಂದು ಸಲ ಬರೆಯಲು ಅವಕಾಶ ಕೊಟ್ಟಿದ್ದರು. ಆ ಸಲ ಪಾಸ್‌ವರ್ಡನ್ನು ಫೋನಿನ ಸಮೇತ ರಮ್ಯಶ್ರೀಗೆ ಒಪ್ಪಿಸಿ, ಗುಬ್ಬಿಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತ. ಯಾರೂ ಕರೆಯಲಿಲ್ಲ. ಪೂರ್ತಿ ಬರೆದ, ಸಾಧಾರಣ ನಂಬರಿನಲ್ಲಿ ಪಾಸಾದ. ಆದರೆ ಬರೆಯುವಾಗ ಎರಡು ಮೂರು ಸಲ ಮೌಸ್ ಬಿಟ್ಟು, ಆಚೆ ಯಾರಾದರೂ ಅಳುತ್ತಿದ್ದಾರೆಯೇ ಅಂತ ಕಿವಿಗೊಟ್ಟಿದ್ದ. ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು ಬಿಟ್ಟರೆ ಬೇರೇನೂ ಕೇಳಿಸಿರಲಿಲ್ಲ.